ಮುಧೋಳವೋ, ಪಾಮೇರಿಯನ್ನೋ?

ಮನೆಗೆ ನಾಯಿ ತರುವ ಮಾತು ಶುರುವಾಗಿ ಎರಡು ತಿಂಗಳಾಯಿತು. ನನಗೆ ಮುಧೋಳದ್ದೇ ಬೇಕು. 2005ರಲ್ಲಿ ಅಂಚೆಚೀಟಿಯನ್ನೇ ಏರಿದ ನಾಯಿ, ಬಾಗಲಕೋಟೆ ಸೀಮೆಯ ಹೆಮ್ಮೆ! ಆದರೆ ಮೊಲ ಅಟ್ಟಿಸಿಕೊಂಡು ಓಡಬೇಕಾದ ಆ ಉದ್ದಕಾಲಿನದು ನಮ್ಮ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಏನು ಮಾಡೀತು? ಒಣಹಾಕಿದ ಹಪ್ಪಳ ಕಾಯಬೇಕು, ಅಷ್ಟೆ.

ನನ್ನವಳದು ಪಾಮೇರಿಯನ್ ಪಕ್ಷ. ‘ಪುಟ್ಟದು ಕಣ್ರೀ, ಅನ್ನವೂ ಕಮ್ಮಿ’ ಎಂಬ ಲೆಕ್ಕ. ಎದುರುಮನೆಯಲ್ಲಿ ಒಂದಿದೆ, ನೋಡಿದ್ದೇನೆ. ಹಿಡಿಯಷ್ಟು ಮೈ, ಊರಿಗೆಲ್ಲ ಕೇಳುವ ಗಂಟಲು. ಕುಕ್ಕರ್ ಕೂಗಿದರೆ ಅದಕ್ಕೂ ಉತ್ತರ ಕೊಡುತ್ತದೆ. ಅಪರಿಚಿತರು ಒಳಗೆ ಬಂದರೆ ಮಾತ್ರ ಸೋಫಾದಡಿಯಿಂದ ಬೊಗಳುತ್ತದೆ! ಕೂದಲಂತೂ ಸಾರಿನಲ್ಲೂ ಸಿಕ್ಕೀತು.

ಈ ಜಗ್ಗಾಟದ ನಡುವೆ ಬೀದಿನಾಯಿಯೊಂದು ನಮ್ಮ ಮೆಟ್ಟಿಲಡಿ ಬಂದು ಮಲಗಿದೆ. ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ. ನಿನ್ನೆಯಿಂದ ಮೊಸರನ್ನ ಇಳಿದು ಹೋಗುತ್ತಿದೆ. ಹೆಸರೂ ಇಟ್ಟಾಯಿತು: ಕೆಂಚ.