ಮೂವತ್ತಾರನೇ ಹಲ್ಲಿನ ಅಭಿನಂದನಾ ಭಾಷಣ

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯಲ್ಲಿ ಕುರ್ಚಿ ಸಿಗದೆ ಮುಂದಿನ ಸಾಲಿನಲ್ಲಿ ಮುನಿಸಿಕೊಂಡಿರುವ ಗಣ್ಯರೇ, ಕೆನ್ನೆ ಹಿಡಿದುಕೊಂಡೇ ಬಂದಿರುವ ಶ್ರೀನಿವಾಸಪುರದ ಮಹಾಜನಗಳೇ,

ಸಣ್ಣಕತೆಗೆ ಮಾಸ್ತಿಯವರನ್ನು ಕೊಟ್ಟ ಜಿಲ್ಲೆ ನಮ್ಮದು. ಆದರೆ ಮಾಸ್ತಿಯವರಿಗೂ ಯಾರೂ ಎರಡಿಂಚಿನ ಚೌಕ ತೋರಿಸಿ "ಇಷ್ಟರಲ್ಲಿ ಮುಗಿಸಿ, ಇಲ್ಲದಿದ್ದರೆ ದುಡ್ಡಿಲ್ಲ" ಎಂದಿರಲಾರರು. ಇವತ್ತು ನಾವು ಸನ್ಮಾನಿಸುತ್ತಿರುವ ನಮ್ಮ ಹಲ್ಲಿನ ಆಸ್ಪತ್ರೆಯ ಅಕ್ಕ ದಿನವೂ ಬರೆಯುವುದು ಅಂಥ ಚೌಕದಲ್ಲೇ. ವಿಮೆಯ ಕ್ಲೇಮ್ ಫಾರಂನ ಕೊನೆಯಲ್ಲಿ "ಷರಾ" ಅಂತ ಇರುತ್ತದಲ್ಲ, ಅದೇ ಇವರ ಸಾಹಿತ್ಯ ಕ್ಷೇತ್ರ. ಡಾಕ್ಟರು ಹೇಳುತ್ತಾರೆ, ಇವರು ಬರೆಯುತ್ತಾರೆ, ಡಾಕ್ಟರು ಓದಿ ಸಹಿ ಹಾಕುತ್ತಾರೆ.

ಇವರಿಗೆ ಮುಂಚೆ ಆ ಚೌಕದಲ್ಲಿ ಕರುಣಾರಸ ಉಕ್ಕಿ ಹರಿಯುತ್ತಿತ್ತು. "ರೋಗಿಗೆ ಬಹಳ ನೋವು. ಬಡವರು. ಮೂರು ಹೆಣ್ಣುಮಕ್ಕಳು. ದಯಮಾಡಿ ಮಂಜೂರು ಮಾಡಿ." ವಿಮಾ ಕಚೇರಿಯವರು ಕಣ್ಣೀರು ಒರೆಸಿಕೊಂಡು ವಾಪಸ್ ಕಳಿಸುತ್ತಿದ್ದರು. ಬಾಯಿ ನೋಡದೆ ಬರೀ ಕಾಗದ ನೋಡಿ ತೀರ್ಮಾನಿಸುವ ಮನುಷ್ಯನಿಗೆ ಹೆಣ್ಣುಮಕ್ಕಳ ಲೆಕ್ಕ ಏಕೆ ಬೇಕು? ಅವನಿಗೆ ಬೇಕಾದದ್ದು ಯಾವ ಹಲ್ಲು, ಮುಂಚೆ ಅದರ ಗತಿ ಏನಾಗಿತ್ತು, ಕಡಿಮೆ ಖರ್ಚಿನ ಫಿಲ್ಲಿಂಗ್ ಬಿಟ್ಟು ಕ್ಯಾಪಿಗೇ ಏಕೆ ಹೋದಿರಿ ಅನ್ನುವುದು.

ಯಾವ ಹಲ್ಲು ಅನ್ನುವುದರಲ್ಲೇ ಒಂದು ಪ್ರಹಸನ ನಡೆದುಹೋಯಿತು. ಡಾಕ್ಟರು "36" ಎಂದು ಬರೆದಿದ್ದರು. ಬಂತು ನೋಡಿ ಆಕ್ಷೇಪಣೆ: "ಮನುಷ್ಯನಿಗೆ 32 ಹಲ್ಲು, ಮಿಕ್ಕ ನಾಲ್ಕಕ್ಕೆ ವಿವರಣೆ ಕೊಡಿ." ದಂತವೈದ್ಯರ ಲೆಕ್ಕದಲ್ಲಿ 3 ಅಂದರೆ ಎಡಗಡೆಯ ಕೆಳದವಡೆ, 6 ಅಂದರೆ ನಡುಗೆರೆಯಿಂದ ಎಣಿಸಿದರೆ ಆರನೆಯದು. ಅವತ್ತಿನಿಂದ ಅಕ್ಕ ಅಂಕಿಯ ಪಕ್ಕದಲ್ಲೇ "ಎಡಗಡೆ, ಕೆಳಗೆ, ಮೊದಲನೇ ದೊಡ್ಡ ದವಡೆಹಲ್ಲು" ಎಂದು ಸೇರಿಸುತ್ತಾರೆ. ಇವರ ಒಂದು ಷರಾ ಓದುತ್ತೇನೆ, ಚಪ್ಪಾಳೆ ಕೊನೆಗಿರಲಿ: "ಹಳೇ ಫಿಲ್ಲಿಂಗ್ ಕೆಳಗೆ ಹುಳುಕು ನರದವರೆಗೆ ಇಳಿದಿದೆ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ನೆರಳಿದೆ. ನಾಲಿಗೆ ಕಡೆಯ ಗೋಡೆ ಒಡೆದಿದೆ. ಉಳಿದದ್ದರಲ್ಲಿ ಫಿಲ್ಲಿಂಗ್ ನಿಲ್ಲುವುದಿಲ್ಲ. ಆದ್ದರಿಂದ ರೂಟ್ ಕೆನಾಲ್, ಮೇಲೆ ಕ್ಯಾಪ್. ಕೆಲಸಕ್ಕೆ ಮುಂಚಿನ ಫೋಟೋ ಲಗತ್ತಿಸಿದೆ." ಒಂದು ಅಲಂಕಾರವಿಲ್ಲ, ಒಂದು "ದಯಮಾಡಿ" ಇಲ್ಲ! ಫೋಟೋದ ವಿಷಯ ಗಮನಿಸಿ. ಕ್ಯಾಪ್ ಕೂತಮೇಲೆ ಸಾಕ್ಷಿ ಅದರ ಕೆಳಗೆ ಹೂತುಹೋಗುತ್ತದೆ.

ಇದು ಹಲ್ಲಿಗೂ ದುಡ್ಡು ಕೊಡುವ ವಿಮೆಯ ಮಾತಾಯಿತು. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಹಲ್ಲಿಗೆ ಜಾಗ ಸಿಗುವುದು ಬಹುತೇಕ ಅಪಘಾತವಾದರೆ ಮಾತ್ರ. ಇದು ತಿಳಿದ ಕೂಡಲೇ ನಮ್ಮ ಊರಿನ ಹುಳುಕು ಹಲ್ಲುಗಳೆಲ್ಲ ಮಾವಿನ ಮರದಿಂದ ಬೀಳತೊಡಗಿದವು. "ಅಕ್ಕಾ, ಬಾದಾಮಿ ಮಾವು ಕೀಳೋಕೆ ಹತ್ತಿ ಬಿದ್ದೆ ಅಂತ ಒಂದು ಸಾಲು ಬರೆದುಬಿಡಕ್ಕ." ಅಕ್ಕ ಕೇಳುತ್ತಾರೆ: "ಡಿಸೆಂಬರ್‌ನಲ್ಲಿ ಯಾವ ಬಾದಾಮಿ ಕೀಳ್ತಿದ್ದೆ ಮಾರಾಯ?" ಸುಳ್ಳು ಬರೆಯದ ಇವರ ಹಟದಿಂದ ಸನ್ಮಾನ ಸಮಿತಿಯಲ್ಲೇ ಇಬ್ಬರು ನೊಂದಿದ್ದಾರೆ. ಹೆಸರು ಹೇಳುವುದಿಲ್ಲ.

ಇನ್ನು ನಮ್ಮ ನೀರಿನ ಪ್ರಸಾದ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳು ಕಲ್ಲಿನೊಳಗಿನ ಫ್ಲೋರೈಡನ್ನೂ ಮೇಲೆ ತರುತ್ತವೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5. ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಇದಕ್ಕಿಂತ ಜಾಸ್ತಿ ಕುಡಿದ ಮಗುವಿನ ಹಲ್ಲಿಗೆ ಕಲೆ ಬೀಳುತ್ತದೆ, ಜೋರಾದರೆ ಗುಳಿಯೂ. "ಹಲ್ಲು ಕಂದು, ಸರಿಪಡಿಸಬೇಕು" ಎಂದು ಬರೆದರೆ "ಸೌಂದರ್ಯ ಚಿಕಿತ್ಸೆ" ಎಂದು ತಿರಸ್ಕರಿಸುತ್ತಾರೆ. ನೀರು ಕುಡಿದದ್ದಕ್ಕೆ ಸೌಂದರ್ಯದ ಆರೋಪ! ಅಕ್ಕ ಬಣ್ಣದ ಮಾತೇ ಎತ್ತುವುದಿಲ್ಲ. "ಎನಾಮೆಲ್ ಗುಳಿಬಿದ್ದು ಉದುರಿದೆ, ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ, ಕಚ್ಚಲಾಗುವುದಿಲ್ಲ" ಎನ್ನುತ್ತಾರೆ, ಅದೂ ನಿಜವಾಗಿ ಹಾಗಿದ್ದರೆ. ಆದರೂ ಕೆಲವು ವಾಪಸ್ ಬರುತ್ತವೆ. ಷರತ್ತಿನಲ್ಲೇ ಇಲ್ಲದ್ದನ್ನು ಷರಾ ಹುಟ್ಟಿಸಲಾರದು.

ಮುದ್ದೆ ನುಂಗುವ ಜಿಲ್ಲೆಗೆ ದವಡೆಹಲ್ಲು ಏಕೆ ಎಂದು ಇದುವರೆಗೆ ಯಾವ ವಿಮಾ ಕಂಪನಿಯೂ ಕೇಳಿಲ್ಲ. ಈ ಭಾಷಣ ಅವರ ಕಿವಿಗೆ ಬೀಳದಿರಲಿ.

ಅಧ್ಯಕ್ಷರೇ, ಶಾಲು ಎತ್ತಿಕೊಳ್ಳಿ. ಸ್ವಲ್ಪ ತಡೆಯಿರಿ, ಫೋಟೋದವರು ಎಲ್ಲಿ? ಹೊದಿಸುವುದಕ್ಕೆ ಮುಂಚಿನದೊಂದು ತೆಗೆದುಕೊಳ್ಳಪ್ಪ, ಇಲ್ಲದಿದ್ದರೆ ಅಕ್ಕ ಒಪ್ಪುವುದಿಲ್ಲ.