ಗೋಸುಂಬೆ ಭಾವ

ಅಮೆರಿಕದಲ್ಲಿ ಬೇರೂರಿದ ಕನ್ನಡಿಗರಿಗೆ ನಲವತ್ತು ದಾಟಿದ ಮೇಲೆ ಏನಾದರೊಂದು ಅಂಟಿಕೊಳ್ಳುತ್ತದೆ. ಕೆಲವರಿಗೆ ಮ್ಯಾರಥಾನ್, ಕೆಲವರಿಗೆ ಷೇರುಪೇಟೆ, ಇನ್ನು ಕೆಲವರಿಗೆ ಡಿಸೆಂಬರಿನಲ್ಲಿ ಕರಿಬೇವಿನ ಗಿಡಕ್ಕೆ ಕಂಬಳಿ ಹೊದಿಸುವ ಹಟ. ಇವೆಲ್ಲ ವಾಸಿಯಾಗುವ ಕಾಯಿಲೆಗಳು. ಗೋಸುಂಬೆ ಸಾಕುವವನ ಕಥೆಯೇ ಬೇರೆ. ಮೊದಲ ವರ್ಷ ಅವನು ಮಾಲೀಕ, ಎರಡನೆಯ ವರ್ಷ ನರ್ಸು, ಮೂರನೆಯ ವರ್ಷದ ಹೊತ್ತಿಗೆ ಯಾರೂ ಕೇಳದಿದ್ದರೂ ಸಲಹೆ ಕೊಡುವ ಡಾಕ್ಟರು.

ದಾವಣಗೆರೆಯ ಒಂದು ಮನೆತನದಲ್ಲಿ ಇಂಥವರೊಬ್ಬರಿದ್ದಾರೆ. ಎದುರಿಗೆ ಭಾವ, ಬೆನ್ನ ಹಿಂದೆ ಗೋಸುಂಬೆ ಭಾವ. ಊರಲ್ಲೇ ಇದ್ದಿದ್ದರೆ ಈ ಹುಚ್ಚು ಹತ್ತುತ್ತಿರಲಿಲ್ಲ. ನಮ್ಮ ಬೇಲಿಸಾಲಿನ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾವಲಿದೆ, ಮನೆಗೆ ತಂದರೆ ಕೇಸು. ಡಲ್ಲಾಸಿನಲ್ಲಿ ಅಂಗಡಿಯಲ್ಲೇ ಸಿಕ್ಕಿತು: ಯೆಮೆನ್, ಸೌದಿ ಅರೇಬಿಯಾ ಮೂಲದ, ತಲೆಯ ಮೇಲೆ ತುರಾಯಿ ಹೊತ್ತ ವೇಲ್ಡ್ ಕೆಮಿಲಿಯನ್ ಮರಿ. ಅಂಗಡಿಯವನು ಗಂಡು ಅಂದ. ಭಾವ ಭೀಮ ಎಂದು ಹೆಸರಿಟ್ಟರು.

ಬಂಧುಬಳಗಕ್ಕೆ ಅವರ ಮೇಲಿರುವ ದೊಡ್ಡ ಸಿಟ್ಟು ಫೋಟೋಗಳದ್ದು. ಡಲ್ಲಾಸಿನ ರಾತ್ರಿ ಒಂಬತ್ತು ಅಂದರೆ ಚಳಿಗಾಲದಲ್ಲಿ ದಾವಣಗೆರೆಯ ಬೆಳಗ್ಗೆ ಎಂಟೂವರೆ. ಬೆಣ್ಣೆ ದೋಸೆಯ ಹೊತ್ತು. ಸರಿಯಾಗಿ ಆಗಲೇ ಕುಟುಂಬದ ವಾಟ್ಸಾಪ್ ಗುಂಪಿಗೆ ಭೀಮನ ಅಂದಿನ ವಿಸರ್ಜನೆಯ ಚಿತ್ರ ಬಂದು ಬೀಳುತ್ತದೆ, ಅಳತೆಗೆಂದು ಪಕ್ಕದಲ್ಲಿಟ್ಟ ನಾಣ್ಯದ ಸಮೇತ. ಕೆಳಗೆ ವ್ಯಾಖ್ಯಾನ: ಕಂದು ಭಾಗ ಮಲ, ಬಿಳಿ ಭಾಗ ಯೂರೇಟ್. ಮೂತ್ರದಲ್ಲಿ ಹೋಗಬೇಕಾದ ಕಲ್ಮಷವನ್ನು ಗೋಸುಂಬೆ ಹೀಗೆ ಯೂರಿಕ್ ಆಮ್ಲದ ಮುದ್ದೆ ಮಾಡಿ ಹಾಕುತ್ತದೆ. ಅದು ಬೆಳ್ಳಗಿದ್ದರೆ ಕ್ಷೇಮ. ಹಳದಿಗೋ ಕಿತ್ತಳೆಗೋ ತಿರುಗಿದರೆ ಮೈಯಲ್ಲಿ ನೀರು ಕಡಿಮೆ. ತಟ್ಟೆಯಲ್ಲಿ ಬಿಳಿ ಚಟ್ನಿ, ಅಂಗೈಯಲ್ಲಿ ಬಿಳಿ ಯೂರೇಟ್. ಇಬ್ಬರು ಚಿಕ್ಕಪ್ಪಂದಿರು ಗುಂಪನ್ನೇ ಬಿಟ್ಟರು. ಈ ಸಾಲು ಬರೆಯುತ್ತಿರುವ ಭಾವಮೈದುನ ಮಾತ್ರ ಅಕ್ಕನ ಮುಖ ನೋಡಿ ಉಳಿದುಕೊಂಡಿದ್ದಾನೆ. ಈಚೆಗೆ ಫೋಟೋ ತಡವಾದರೆ ಅವನಿಗೆ ದೋಸೆ ಗಂಟಲಲ್ಲಿ ಇಳಿಯುವುದಿಲ್ಲ ಎಂಬುದನ್ನು ಯಾರಿಗೂ ಹೇಳಿಲ್ಲ.

ಮಿಕ್ಕ ಲಕ್ಷಣಗಳು ಸಣ್ಣಪುಟ್ಟವು. ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಪಂಜರದ ದರ್ಶನ. ಮುಟ್ಟುವಂತಿಲ್ಲ, ಎತ್ತಿ ಆಡಿಸಿದರೆ ಅದಕ್ಕೆ ಆತಂಕ. ಬಟ್ಟಲಲ್ಲಿಟ್ಟ ನೀರು ಅದಕ್ಕೆ ನೀರೆಂದೇ ತೋರದು, ಎಲೆಯ ಮೇಲಿನ ಹನಿಯನ್ನೇ ನೆಕ್ಕಬೇಕು. ಆದ್ದರಿಂದ ಭಾವ ದಿನಕ್ಕೆ ಹಲವು ಬಾರಿ ಪಂಜರದೊಳಗೆ ಮಳೆ ಸುರಿಸುತ್ತಾರೆ. ಒಳಗೊಂದು ದಾಸವಾಳದ ಗಿಡವಿದೆ. ಹೂವಿನ ಮೇಲೆ ಮೊದಲ ಹಕ್ಕು ಗೋಸುಂಬೆಯದು, ಅದು ತಿಂದು ಉಳಿಸಿದ್ದು ಅಕ್ಕನ ಗಣಪತಿಗೆ. ಊಟಕ್ಕೆ ತಂದ ಕ್ರಿಕೆಟ್ ಹುಳುಗಳು ಡಬ್ಬಿಯಿಂದ ಪಾರಾಗಿ ಸೋಫಾದಡಿ ರಾತ್ರಿಯಿಡೀ ಕಿರುಗುಟ್ಟುತ್ತವೆ.

ದೀಪದ ವಿಷಯಕ್ಕಂತೂ ಯಾರೂ ಹೋಗಬಾರದು. ಹುಳುಗಳಲ್ಲಿ ಕ್ಯಾಲ್ಸಿಯಂ ಕಡಿಮೆ, ಅದಕ್ಕೇ ಪುಡಿ ಸವರಿ ತಿನ್ನಿಸಬೇಕು. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ3 ಜೀವಸತ್ವ ಬೇಕು, ಅದಕ್ಕೆ ಯುವಿಬಿ ಕಿರಣ ಬೇಕು. ಕಿಟಕಿಯ ಗಾಜು ಆ ಕಿರಣವನ್ನು ತಡೆಯುತ್ತದೆ, ಹಾಗಾಗಿ ಕಿಟಕಿಯ ಬಿಸಿಲು ಲೆಕ್ಕಕ್ಕಿಲ್ಲ. ಯುವಿಬಿ ಟ್ಯೂಬು 6ರಿಂದ 12 ತಿಂಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ, ಬೆಳಕು ಮಾತ್ರ ಮೊದಲಿನಂತೆಯೇ ಕೊಡುತ್ತಿರುತ್ತದೆ. ಅದನ್ನು ನಂಬಿ ಕೂತವರ ಗೋಸುಂಬೆಗೆ ಎಲುಬು ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ, ದವಡೆ ರಬ್ಬರಿನಂತಾಗುತ್ತದೆ, ಚಿಮ್ಮಬೇಕಾದ ನಾಲಗೆ ಗುರಿ ತಪ್ಪುತ್ತದೆ. ಭಾವನ ಟ್ಯೂಬಿನ ಮೇಲೆ ತಾರೀಖು ಅಂಟಿಸಿದೆ. ಮದುವೆಯ ವಾರ್ಷಿಕೋತ್ಸವದ ತಾರೀಖು ಅಂಟಿಸಲು ಜಾಗವಿಲ್ಲವೇ ಎಂದು ಅಕ್ಕ ಕೇಳಿದ್ದುಂಟು.

ಹಿನ್ನೆಲೆಗೆ ತಕ್ಕಂತೆ ಬಣ್ಣ ಬದಲಿಸುವ ಪ್ರಾಣಿ ಎಂದು ಯಾರಾದರೂ ಬಾಯಿ ಜಾರಿದರೆ ಆ ಸಂಜೆ ಮುಗಿದಂತೆ. ಜಿನೀವಾ ವಿಶ್ವವಿದ್ಯಾಲಯದ ಮಿಲಿಂಕೋವಿಚ್ ತಂಡ 2015ರಲ್ಲಿ ಪ್ಯಾಂಥರ್ ಕೆಮಿಲಿಯನ್‌ಗಳಲ್ಲಿ ತೋರಿಸಿದ್ದನ್ನು, ಅಂದರೆ ಚರ್ಮದ ಗ್ವಾನೀನ್ ಹರಳುಗಳ ನಡುವಿನ ಅಂತರ ಹಿಗ್ಗಿದಂತೆ ಬಣ್ಣ ಬದಲಾಗುವುದನ್ನು, ಅವರು ಚಪಾತಿ ಹರಿದು ಹರಡಿ ವಿವರಿಸುತ್ತಾರೆ. ಬಣ್ಣ ಬದಲಾಗುವುದು ಸಿಟ್ಟಿಗೆ, ಬೆದೆಗೆ, ಚಳಿಗೆ, ಭಯಕ್ಕೆ. ಕಾರಣವಿಲ್ಲದೆ ದಿನವಿಡೀ ಕಪ್ಪಿಟ್ಟಿದ್ದರೆ ಏನೋ ಸರಿಯಿಲ್ಲ. ಹಗಲಲ್ಲಿ ಕಣ್ಣು ಮುಚ್ಚಿ ಕೂತಿದ್ದರಂತೂ ನಾಳೆಗೆ ಕಾಯಬಾರದು. ಬಿಸಿ ದೀಪದಡಿ ಬಾಯಿ ತೆರೆದರೆ ಅದು ಬರೀ ಸೆಕೆ. ತಂಪಿನಲ್ಲೂ ಬಾಯಿ ತೆರೆದು, ತಲೆ ಮೇಲೆತ್ತಿ, ಉಸಿರಿಗೊಮ್ಮೆ ಚಟಚಟ ಸದ್ದು ಬಂದರೆ ಶ್ವಾಸಕೋಶದ ಸೋಂಕು. ಕಾಡಿನಲ್ಲಿ ಬಳಲಿದಂತೆ ಕಂಡವನೇ ಹದ್ದಿನ ಪಾಲಾಗುವುದರಿಂದ ಇದು ಕೊನೆಯವರೆಗೂ ಕಾಯಿಲೆಯನ್ನು ಬಚ್ಚಿಡುತ್ತದೆ. ಹಾಗಾಗಿ ನೋಡುತ್ತಲೇ ಇರಬೇಕು ಎಂಬುದು ಭಾವನ ವಾದ. ತಪ್ಪೆನ್ನಲು ಬರುವುದಿಲ್ಲ, ಅದೇ ಕಿರಿಕಿರಿ.

ಇಷ್ಟೆಲ್ಲ ನೋಡುವ ಭಾವ ಒಂದನ್ನು ನೋಡಿರಲಿಲ್ಲ. ಗಂಡಿಗೆ ಮರಿಯಾಗಿದ್ದಾಗಲೇ ಹಿಂಗಾಲಿನ ಹಿಮ್ಮಡಿಯಲ್ಲಿ ಸಣ್ಣ ಗುಬಟಿರುತ್ತದೆ. ಭೀಮನಿಗೆ ಅದಿರಲಿಲ್ಲ.

ಅದೊಂದು ವರ್ಷ ಭಾವನ ಅತ್ತೆ, ಅಂದರೆ ಅಕ್ಕನ ಅಮ್ಮ, ಆರು ತಿಂಗಳಿಗೆಂದು ಡಲ್ಲಾಸಿಗೆ ಹೋಗಿದ್ದರು. ಭೀಮ ಊಟ ಬಿಟ್ಟ. ಪಂಜರದ ತಳಕ್ಕಿಳಿದು ಮೂಲೆಮೂಲೆ ಕೆರೆಯತೊಡಗಿದ. ಭಾವ ತಾಪ ಅಳೆದರು, ತೇವ ಅಳೆದರು, ಹುಳದ ಪರೀಕ್ಷೆಗೆ ಮಲ ಕಳಿಸಿದರು, ಗುಂಪಿನಲ್ಲಿ ಏಳು ಚಿತ್ರ ಹಾಕಿದರು. ಅತ್ತೆ ಬಾಗಿಲಲ್ಲೇ ನಿಂತು ಒಮ್ಮೆ ಅದರ ಹೊಟ್ಟೆ ನೋಡಿ, “ಅಳಿಯಂದ್ರೆ, ಇದು ಬಸುರಿ ಐತೆ ನೋಡ್ರಿ” ಅಂದರು. ಗಂಡಿನ ನೆರಳೂ ಬೀಳದ ಪ್ರಾಣಿ ಅದು ಎಂದು ಭಾವ ಸ್ವಲ್ಪ ಜೋರಾಗಿಯೇ ಹೇಳಿದರು. ಅತ್ತೆ ಮಾತು ಬೆಳೆಸದೆ ಒಳಗೆ ಹೋದರು.

ಎಕ್ಸ್‌ರೇಯಲ್ಲಿ ಹೊಟ್ಟೆ ತುಂಬ ಮೊಟ್ಟೆ. ಈ ಜಾತಿಯ ಹೆಣ್ಣು ಕೂಡದೆಯೂ ಮೊಟ್ಟೆ ಕಟ್ಟುತ್ತದೆ. ಇಡಲು ತಕ್ಕ ಜಾಗ ಸಿಗದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಜೀವಕ್ಕೇ ಕುತ್ತು. ಡಾಕ್ಟರು ಕ್ಯಾಲ್ಸಿಯಂ ಕೊಟ್ಟು, ಆಳವಾದ ತೊಟ್ಟಿಯಲ್ಲಿ ಒದ್ದೆ ಮರಳಿಡಿ, ಯಾರೂ ಇಣುಕಬೇಡಿ ಎಂದು ಕಳಿಸಿದರು. ಕಣ್ಣಿಗೆ ಬಿದ್ದರೆ ಅದು ತೋಡುವುದನ್ನೇ ನಿಲ್ಲಿಸಿಬಿಡುತ್ತದೆ. ಅತ್ತೆ ತಮ್ಮ ಹಳೇ ಇಳಕಲ್ ಸೀರೆಯನ್ನು ಪಂಜರಕ್ಕೆ ಸುತ್ತಿ, ಎದುರಿಗೆ ಕುರ್ಚಿ ಹಾಕಿಕೊಂಡು ಅಳಿಯನನ್ನು ಕಾದರು. ಆಸ್ಪತ್ರೆ ಬಿಲ್ಲು ನೋಡಿ, ಇಷ್ಟರಲ್ಲಿ ಊರಲ್ಲಿ ಎರಡು ಬಾಣಂತನ ಮುಗಿಯುತ್ತಿತ್ತು ಅಂದರಂತೆ. ಮರುದಿನ ಮರಳಿನಡಿ ನಲವತ್ತಕ್ಕೂ ಹೆಚ್ಚು ಮೊಟ್ಟೆ, ಎಲ್ಲವೂ ಬರಡು. ಭೀಮ ಅಂದಿನಿಂದ ಕುಂತಿ. ಹೆಸರು ಅತ್ತೆಯದೇ. ಈಗ ದೀಪದ ಬಿಸಿ ತಗ್ಗಿಸಿ, ಊಟ ಮಿತ ಮಾಡಿದ್ದಾರೆ; ಹಾಗೆ ಮಾಡಿದರೆ ಮೊಟ್ಟೆಯ ಸಂಖ್ಯೆ ತಗ್ಗುತ್ತದೆ.

ಭಾವನ ಅಪ್ಪ ದಾವಣಗೆರೆಯಲ್ಲಿ ಒಬ್ಬರೇ ಇದ್ದಾರೆ. ಎಪ್ಪತ್ತು ದಾಟಿದೆ, ಕಾಲ ಹೆಬ್ಬೆರಳಲ್ಲಿ ಗೌಟ್. ವಿಡಿಯೋ ಕರೆಯಲ್ಲಿ ಅವರು ಹೇಳುವುದು ಒಂದೇ: “ಏನೂ ಆಗಿಲ್ಲ ಬಿಡಪ್ಪ, ಆರಾಮಿದೀನಿ.” ಮೊನ್ನೆ ಭಾವ ಪಂಜರದೆದುರಿನ ಅದೇ ದನಿಯಲ್ಲಿ, “ಅಪ್ಪಾಜಿ, ಫೋನ್ ಕೆಳಗೆ ಹಿಡೀರಿ, ಕಾಲು ತೋರಿಸ್ರಿ” ಅಂದರು. ಅಪ್ಪಾಜಿ ಮಾತು ಮರೆಸಲು ಕುಂತಿಯನ್ನು ಎಳೆದು ತಂದರು.

“ಅವಕ್ಕೂ ಗೌಟ್ ಬರ್ತತಾ?”

“ಬರ್ತದೆ. ನೀರು ಸಾಲದೆ, ಕಿಡ್ನಿ ಸೋತರೆ ಯೂರಿಕ್ ಆಸಿಡ್ ಕೀಲಲ್ಲಿ ಕೂರ್ತದೆ.”

“ಏನು ಕೊಡ್ತಾರೆ?”

“ಅಲೋಪ್ಯೂರಿನಾಲ್.”

“ನಂದೂ ಅದೇ ಕಣೋ!” ಅಪ್ಪಾಜಿಗೆ ಎಲ್ಲಿಲ್ಲದ ಖುಷಿ. ಕುಂಟುತ್ತಲೇ ಹೋಗಿ ಕಪಾಟಿನಿಂದ ಮಾತ್ರೆಯ ಪಟ್ಟಿ ತಂದು ಹೆಸರು ಓದಲು ಕ್ಯಾಮೆರಾಕ್ಕೆ ಹಿಡಿದರು. ಹಿಡಿದ ಮೇಲೆ ಗೊತ್ತಾಯಿತು, ಹಿಡಿಯಬಾರದಿತ್ತು ಎಂದು. ಹತ್ತಕ್ಕೆ ಹತ್ತೂ ಮಾತ್ರೆ ಹಾಗೇ ಇದ್ದವು. ಆಮೇಲೆ ನಡೆದ ಜಗಳ ಅಡುಗೆಮನೆಯಲ್ಲಿದ್ದ ಅಕ್ಕನಿಗೂ ಕೇಳಿಸಿತಂತೆ. ಗೋಸುಂಬೆಯಾದರೂ ಔಷಧಿ ನುಂಗುತ್ತದೆ ಎಂದು ಭಾವ ಕೂಗಾಡಿದರೆ, ಅಪ್ಪಾಜಿಯದು ಒಂದೇ ಮಾತು: “ಅದಕ್ಕೆ ಬಾಯಿ ತೆರೆಸಿ ಹಾಕಾಕೆ ನೀನಿದೀಯಲ್ಲೋ.”