ಅರ್ಧ ಮಾರ್ಕಿನ ಹೋರಾಟಗಾರರಿಗೆ

ಮಾನ್ಯ ಪೋಷಕ ಮಹಾಶಯರೇ,

ಬೆಂಗಳೂರಿನ ಶಾಲೆಗಳಲ್ಲಿ ಶನಿವಾರ ಬೆಳಗ್ಗೆ ನಡೆಯುವ ಪೇರೆಂಟ್ಸ್ ಮೀಟಿಂಗುಗಳಲ್ಲಿ ತಾವು ಪ್ರಾಥಮಿಕ ವಿಜ್ಞಾನಕ್ಕೆ ಸಲ್ಲಿಸುತ್ತಿರುವ ಸೇವೆಯನ್ನು ಮೆಚ್ಚಿ ಬರೆದ ಪತ್ರವಿದು. ಒಬ್ಬೊಬ್ಬರಿಗೆ ಸಿಗುವುದೇ ಐದು ನಿಮಿಷ. ಅಷ್ಟರಲ್ಲಿ ಉತ್ತರಪತ್ರಿಕೆ ಬಿಡಿಸಿ, ಇವಿಎಸ್‌ನಲ್ಲಿ ಕಳೆದುಹೋದ ಅರ್ಧ ಮಾರ್ಕನ್ನು ಪತ್ತೆಹಚ್ಚಿ, ಮಿಸ್ ಮುಂದೆ ಹಿಡಿಯುವ ತಮ್ಮ ಚುರುಕು ದೊಡ್ಡದು. ಇಂಥ ಸೂಕ್ಷ್ಮ ವೀಕ್ಷಣೆಯನ್ನು ಎಂಟು ವರ್ಷದ ಮಗುವಿನಿಂದ ನಿರೀಕ್ಷಿಸುವಂತಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಪೋಷಕರೊಡನೆ ನಿಯಮಿತವಾಗಿ ಸಭೆ ನಡೆಸಬೇಕು. ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆದ ಪ್ರಗತಿಯನ್ನು ತಿಳಿಸಬೇಕು. ಪಕ್ಕದ ಮನೆ ಹುಡುಗನಿಗೆ ಎಷ್ಟು ಬಂತು ಎಂಬುದನ್ನೂ ತಿಳಿಸತಕ್ಕದ್ದು ಎಂದು ಸೇರಿಸಲು ಸಂಸತ್ತು ಮರೆತುಬಿಟ್ಟಿದೆ. ಆ ಕೊರತೆಯನ್ನು ತಾವೇ ತುಂಬುತ್ತಿದ್ದೀರಿ.

ಹೆಸರುಕಾಳಿನ ಪ್ರಕರಣವನ್ನೇ ನೋಡಿ. ಒದ್ದೆ ಹತ್ತಿಯ ಮೇಲೆ ಕಾಳು ಹಾಕಿದ ಎರಡು ಲೋಟ. ಒಂದು ಕಿಟಕಿಯಲ್ಲಿ, ಇನ್ನೊಂದು ಬೀರುವಿನೊಳಗೆ. ವಾರ ಕಳೆದ ಮೇಲೆ ಮೂರನೇ ತರಗತಿಯ ಹುಡುಗಿಯೊಬ್ಬಳು ಪುಸ್ತಕದಲ್ಲಿ ಬರೆಯುತ್ತಾಳೆ: ‘ಕತ್ತಲೆಯಲ್ಲಿದ್ದ ಗಿಡವೇ ಜಾಸ್ತಿ ಉದ್ದ ಬೆಳೆದಿದೆ.’ ಅವಳ ಅಪ್ಪ ಅದನ್ನು ಹೊಡೆದು ಹಾಕಿಸಿ, ‘ಬೆಳಕಿದ್ದರೆ ಮಾತ್ರ ಗಿಡ ಬೆಳೆಯುತ್ತದೆ’ ಎಂದು ಗೈಡಿನಲ್ಲಿದ್ದಂತೆ ಬರೆಸುತ್ತಾನೆ. ಆದರೆ ಹುಡುಗಿ ಕಂಡದ್ದೇ ನಿಜ. ಬೀಜದಲ್ಲಿ ಕೂಡಿಟ್ಟ ಆಹಾರ ಮುಗಿಯುವವರೆಗೆ ಮೊಳಕೆ ಬೆಳಕನ್ನು ಹುಡುಕಿಕೊಂಡು ಸರಸರನೆ ಉದ್ದವಾಗುತ್ತದೆ. ಕಾಂಡ ಸಣಕಲು, ಎಲೆ ಹಳದಿ. ಅದು ಯಾಕೆ ಹಳದಿಯಾಯಿತು ಎಂದು ಅವಳು ಕೇಳಿದ್ದಳಂತೆ. ಮೀಟಿಂಗಿನಲ್ಲಿ ಮಿಸ್ ಆ ಪ್ರಶ್ನೆಯನ್ನು ಹೊಗಳಲು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕೇಳಿದ್ದು: ‘ಒಲಿಂಪಿಯಾಡಿಗೆ ಈಗಿನಿಂದಲೇ ಕೋಚಿಂಗ್ ಬೇಕಲ್ವಾ?’

ಪ್ರಾಜೆಕ್ಟುಗಳ ಮಾತಂತೂ ಬೇರೆಯೇ. ಸೌರವ್ಯೂಹವನ್ನು ಸ್ಟೇಷನರಿ ಅಂಗಡಿಯಿಂದ ತರುವುದು, ಬಣ್ಣ ಬಳಿಯುವುದು ಅಮ್ಮ, ಅಂಟಿಸುವುದು ಅಪ್ಪ; ಮಗುವಿನ ಪಾಲಿಗೆ ಹೆಸರು ಬರೆದ ಚೀಟಿ. ಥರ್ಮಕೋಲ್ ಸೂರ್ಯ ಹತ್ತು ಸೆಂಟಿಮೀಟರ್ ಇದ್ದರೆ ಭೂಮಿ ಒಂದು ಮಿಲಿಮೀಟರೂ ಇರಬಾರದು, ಹತ್ತು ಮೀಟರಿಗೂ ಆಚೆ, ಕಾರಿಡಾರಿನಲ್ಲಿ ಕೂರಬೇಕು. ಹಾಗೆ ಮಾಡಿದರೆ ಫೋಟೋ ಚೆನ್ನಾಗಿ ಬರುವುದಿಲ್ಲ, ನಿಜ.

ಇನ್ನು ‘ಬೇಸಿಗೆಯಲ್ಲಿ ಸೆಕೆ ಯಾಕೆ’ ಎಂಬ ಪ್ರಶ್ನೆ. ಭೂಮಿ ಸೂರ್ಯನಿಗೆ ಹತ್ತಿರ ಹೋಗುತ್ತದೆ ಎಂದು ಮಗು ಹೇಳಿದರೆ ಗಾಬರಿ ಬೇಡ, ಬಹಳ ದೊಡ್ಡವರ ಸಾಲಿನಲ್ಲಿ ಅದಕ್ಕೆ ಜಾಗವಿದೆ. ‘ಎ ಪ್ರೈವೇಟ್ ಯೂನಿವರ್ಸ್’ ಎಂಬ ಅಮೆರಿಕದ ಸಾಕ್ಷ್ಯಚಿತ್ರಕ್ಕಾಗಿ ಹಾರ್ವರ್ಡ್ ಘಟಿಕೋತ್ಸವದಲ್ಲಿ 23 ಮಂದಿಯನ್ನು ಮಾತಾಡಿಸಿದಾಗ ಇಂಥ ಸರಳ ಪ್ರಶ್ನೆಗೆ 21 ಮಂದಿ ಎಡವಿದರು. ವಾಸ್ತವದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿ ಮೊದಲ ವಾರದಲ್ಲಿ, ನಾವು ಸ್ವೆಟರ್ ಹಾಕಿಕೊಂಡಿರುವಾಗ. ಜುಲೈಗಿಂತ ಆಗ ಸುಮಾರು 50 ಲಕ್ಷ ಕಿಲೋಮೀಟರ್ ಹತ್ತಿರ. ಋತುಗಳಿಗೆ ಕಾರಣ ಭೂಮಿಯ ಅಕ್ಷದ ಓರೆ. ಮಗುವಿನ ತಲೆಯಲ್ಲಿ ‘ಹತ್ತಿರ’ ಎಂಬ ಕಲ್ಪನೆ ಕೂತಿದೆಯೇ ಎಂದು ತಿಳಿಯುವುದು ಮಾತಾಡಿಸಿದಾಗ. ಮಾರ್ಕ್ಸ್ ಕಾರ್ಡಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಆದ್ದರಿಂದ ಒಂದು ವಿನಂತಿ. ಬೆಂಗಳೂರಿನಲ್ಲಿ ಆಗಸ್ಟ್ 18ರ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ಮೇಲೇ ಬಂದು, ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಕಾಣೆಯಾಗುತ್ತದೆ. ಮುಂದಿನ ಮೀಟಿಂಗನ್ನು ಅಂದೇ, ಮೈದಾನದಲ್ಲಿ ಇಡುವಂತೆ ಮಿಸ್‌ಗೆ ಹೇಳಿ. ಮಧ್ಯಾಹ್ನ ಹನ್ನೆರಡೂಕಾಲಿಗೆ ಬನ್ನಿ, ಮಗುವನ್ನೂ ಕರೆತನ್ನಿ, ಉತ್ತರಪತ್ರಿಕೆ ಮನೆಯಲ್ಲೇ ಇರಲಿ. ಮೋಡವಿದ್ದರೆ ಮಿಸ್ ಅನ್ನು ಬೈಯಬೇಡಿ.